ಬಾಗಿಲು ಪೂರ್ವಕ್ಕೆ, ಬಿಸಿಲು ಪಶ್ಚಿಮಕ್ಕೆ

ಎಂಟು ವರ್ಷದ ಹಿಂದೆ ಬೆಂಗಳೂರಿನಲ್ಲಿ ಫ್ಲಾಟ್ ಹುಡುಕುತ್ತಿದ್ದಾಗ ಅಮ್ಮನದು ಒಂದೇ ಷರತ್ತು. ಮನೆ ಪೂರ್ವಕ್ಕಿರಬೇಕು, ಬೆಳಗಿನ ಎಳೆಬಿಸಿಲು ಒಳಗೆ ಬರಬೇಕು. ಬಿಲ್ಡರ್ ಕಡೆಯ ಹುಡುಗ ನಕ್ಷೆ ಹರಡಿ, "ಇದು ಈಸ್ಟ್ ಫೇಸಿಂಗ್, ಎರಡೇ ಉಳಿದಿವೆ" ಎಂದ. ಪೂರ್ವಕ್ಕೆ ಅಂತ ಸ್ವಲ್ಪ ಜಾಸ್ತಿ ದುಡ್ಡನ್ನೂ ಕೊಟ್ಟೆವು. ಗೃಹಪ್ರವೇಶ ಮುಗಿದ ಮರುದಿನ ಅಮ್ಮ ಬೇಗ ಎದ್ದು ಮುಂಬಾಗಿಲು ತೆರೆದರು. ಎದುರಿಗೆ ಕಾರಿಡಾರ್. ಒಂದು ಟ್ಯೂಬ್‌ಲೈಟ್. ಅದರಾಚೆ ಲಿಫ್ಟ್.

"ಸೂರ್ಯ ಲಿಫ್ಟಿನಲ್ಲಿ ಬರ್ತಾನಾ?" ಎಂದು ಕೇಳಿದರು.

ಸೂರ್ಯ ಬಂದಿದ್ದು ಮಧ್ಯಾಹ್ನದ ಮೇಲೆ, ಹಿಂದಿನಿಂದ, ಬಾಲ್ಕನಿಯ ಮೂಲಕ. ಏಪ್ರಿಲ್ ತಿಂಗಳಲ್ಲಿ ಸಂಜೆ ಐದಕ್ಕೆ ಹಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ. ಆಗ ಶುರುವಾಯಿತು ನನ್ನ ಈ ಬಿಸಿಲಿನ ಹುಚ್ಚು. ಮುಷ್ಟಿ ಹಿಡಿದು ಆಕಾಶ ಅಳೆಯುವುದು, ಗೋಡೆಯ ಮೇಲೆ ಪೆನ್ಸಿಲಿನಿಂದ ನೆರಳಿನ ಗೆರೆ ಎಳೆಯುವುದು ಎಲ್ಲ.

ಮೊದಲು ಈ "ಫೇಸಿಂಗ್" ಅನ್ನೋ ಮಾತನ್ನು ಬಿಡಿಸೋಣ. ಊರಿನ ಮನೆಯಲ್ಲಿ ಬಾಗಿಲು, ಜಗಲಿ, ಅಂಗಳ, ಮುಂದಿನ ಕಿಟಕಿ ಎಲ್ಲವೂ ಒಂದೇ ಕಡೆ. ಬಾಗಿಲು ಪೂರ್ವಕ್ಕಿದ್ದರೆ ಬೆಳಕೂ ಪೂರ್ವದಿಂದಲೇ ಬರುತ್ತದೆ. ವಾಸ್ತು ಹೇಳುವ ದಿಕ್ಕಿಗೆ ಅಲ್ಲಿ ಒಂದು ಅರ್ಥವಿದೆ. ಎತ್ತರದ ಕಟ್ಟಡದ ಹೊಟ್ಟೆಯೊಳಗೆ ಲಿಫ್ಟು, ಮೆಟ್ಟಿಲು, ಕಾರಿಡಾರ್ ಇರುತ್ತವೆ. ಎಲ್ಲ ಫ್ಲಾಟುಗಳ ಬಾಗಿಲೂ ಆ ಹೊಟ್ಟೆಯ ಕಡೆಗೇ ತೆರೆಯುತ್ತವೆ. ಗಾಜು, ಬಾಲ್ಕನಿ ಇರುವುದು ಹೊರಮೈಯಲ್ಲಿ. ಅಂದರೆ ಬಾಗಿಲಿನ ಎದುರು ದಿಕ್ಕಿನಲ್ಲಿ. ಹಾಗಾಗಿ ಪೂರ್ವದ ಬಾಗಿಲಿನ ಎಷ್ಟೋ ಫ್ಲಾಟುಗಳಿಗೆ ಸಿಗುವುದು ಪಶ್ಚಿಮದ ಬಾಲ್ಕನಿ. ಬೆಳಗಿನ ಬಿಸಿಲಿಗೆ ಜಾಸ್ತಿ ದುಡ್ಡು ಕೊಟ್ಟು ಸಂಜೆಯ ಬಿಸಿಲು ಕೊಂಡ ಹಾಗೆ. ಬಾಗಿಲಿನ ದಿಕ್ಕು ಪೂಜೆಗೆ ಇರಲಿ, ಬೇಡ ಅನ್ನೋದಿಲ್ಲ. ಬಿಸಿಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಗಾಜು ಯಾವ ಕಡೆ ನೋಡುತ್ತದೆ, ಗಾಜಿಗೂ ಆಕಾಶಕ್ಕೂ ನಡುವೆ ಏನು ನಿಂತಿದೆ, ಲೆಕ್ಕಕ್ಕೆ ಬರುವುದು ಇವೆರಡೇ.

ಉತ್ತರದಿಂದಲೂ ಬಿಸಿಲು

ಸೂರ್ಯ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂದು ಶಾಲೆಯಲ್ಲಿ ಕಲಿತೆವು. ನೇರ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ದಿನ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವ ಜಾಗ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತದೆ. ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಮುಳುಗುವ ಜಾಗವೂ ಹಾಗೇ. ಒಟ್ಟು 48 ಡಿಗ್ರಿಯ ಓಡಾಟ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಐದು ಮುಷ್ಟಿ ಸಾಲಾಗಿ ಇಟ್ಟಷ್ಟು ಜಾಗವನ್ನು ಸೂರ್ಯ ಆರು ತಿಂಗಳಲ್ಲಿ ದಾಟುತ್ತಾನೆ.

ಇದನ್ನು ನಮ್ಮವರು ಬಹಳ ಹಿಂದೆಯೇ ಕಟ್ಟಡಕ್ಕೆ ಬಳಸಿದ್ದರು. ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಜನವರಿ ಮಧ್ಯದಲ್ಲಿ ಸಂಜೆಯ ಸೂರ್ಯ ಎಲ್ಲಿರುತ್ತಾನೆ ಎಂದು ಲೆಕ್ಕ ಹಾಕಿದವರಿಗೆ ಮಾತ್ರ ಅದು ಸಾಧ್ಯ. ಸೂರ್ಯ ಅದೇ ಜಾಗಕ್ಕೆ ನವೆಂಬರ್ ಕೊನೆಯಲ್ಲೂ ಒಮ್ಮೆ ಬಂದಿರುತ್ತಾನೆ, ಆದರೆ ಆಗ ಹಬ್ಬವಿಲ್ಲ, ನೂಕುನುಗ್ಗಲೂ ಇಲ್ಲ.

ಇನ್ನು ಮಧ್ಯಾಹ್ನದ ಲೆಕ್ಕ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಅಥವಾ 25ರಂದು, ಮತ್ತೆ ಆಗಸ್ಟ್ 18ರಂದು ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ದಾಟಿ 20 ನಿಮಿಷದ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರುವುದಿಲ್ಲ. ಇದೇ ಶೂನ್ಯ ನೆರಳಿನ ದಿನ. ಬೀದರಿನವರಿಗೆ ಇದು ಮೇ ಎರಡನೇ ವಾರದಲ್ಲಿ ಬರುತ್ತದೆ. ದೆಹಲಿಯವರಿಗೆ ಬರುವುದೇ ಇಲ್ಲ.

ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಹೌದು, ಉತ್ತರದಲ್ಲಿ. ಮನೆ ಕಟ್ಟುವ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು. "ದಕ್ಷಿಣಕ್ಕೆ ಬಿಸಿಲು, ಉತ್ತರಕ್ಕೆ ನೆರಳು" ಎಂದು ಅವರು ಹೇಳುವುದು ಅವರ ಊರಿಗೆ ಸರಿ. ನಮ್ಮಲ್ಲಿ ಉತ್ತರದ ಗೋಡೆಗೂ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ. ಉತ್ತರದ ಮಲಗುವ ಕೋಣೆ ತಂಪಾಗಿರುತ್ತದೆ ಎಂದು ನಂಬಿ ಕೊಂಡವರು ಮೊದಲ ಬೇಸಿಗೆಯಲ್ಲಿ ಬೇಸ್ತು ಬೀಳುವುದು ಇದಕ್ಕೇ.

ನೆರಳಿನ ಉದ್ದ ಇದೇ ಲೆಕ್ಕದ ಇನ್ನೊಂದು ತುದಿ. 100 ಮೀಟರ್ ಎತ್ತರದ, ಅಂದರೆ 30 ಮಹಡಿಗೆ ಸ್ವಲ್ಪ ಮೇಲಿನ ಒಂದು ಟವರ್ ಇದೆ ಎಂದುಕೊಳ್ಳಿ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ 53 ಡಿಗ್ರಿ ಚಿಲ್ಲರೆ ಎತ್ತರದಲ್ಲಿರುತ್ತಾನೆ. ನೆರಳು ಉತ್ತರಕ್ಕೆ ಸುಮಾರು 74 ಮೀಟರ್ ಚಾಚುತ್ತದೆ. ಜೂನ್ 21ರ ಮಧ್ಯಾಹ್ನ ಅದೇ ನೆರಳು ದಕ್ಷಿಣಕ್ಕೆ ಬರೀ 18 ಮೀಟರ್. ಮಧ್ಯಾಹ್ನದ ನೆರಳು ಇಷ್ಟು ಗಿಡ್ಡ ಇರುವುದು ನಮ್ಮ ಅದೃಷ್ಟ. ಆದರೆ ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆಗೆ ಸೂರ್ಯ 30 ಡಿಗ್ರಿಗಿಂತ ಕೆಳಗೆ ಇಳಿದಿರುತ್ತಾನೆ. ಆಗ ಅದೇ ಟವರಿನ ನೆರಳು ಪೂರ್ವಕ್ಕೆ 180 ಮೀಟರಿನಷ್ಟು. ಪಕ್ಕದ ಟವರ್, ಈಜುಕೊಳ, ಮಕ್ಕಳ ಪಾರ್ಕು ಎಲ್ಲವನ್ನೂ ದಾಟಿ ಆಚೆ ರಸ್ತೆಯ ಹೆಂಚಿನ ಮನೆಯ ಮೇಲೂ ಬೀಳುತ್ತದೆ. ಅಂದರೆ ನಮ್ಮಲ್ಲಿ ನೆರಳಿನ ತಕರಾರು ಉತ್ತರ ದಕ್ಷಿಣದ್ದಲ್ಲ, ಪೂರ್ವ ಪಶ್ಚಿಮದ್ದು.

ಸಂಜೆಯ ಗೋಡೆ

ಪಶ್ಚಿಮದ ಮನೆ ಅಷ್ಟೊಂದು ಕಾಯುವುದು ಯಾಕೆ? ಬೆಳಗ್ಗೆ ಪೂರ್ವದ ಗೋಡೆಗೂ ಅಷ್ಟೇ ಬಿಸಿಲು ಬೀಳುತ್ತದಲ್ವಾ?

ಬೀಳುತ್ತದೆ. ಆದರೆ ಬೆಳಗ್ಗೆ ಎಂಟಕ್ಕೆ ಗಾಳಿ ತಣ್ಣಗಿರುತ್ತದೆ, ರಾತ್ರಿಯಿಡೀ ಗೋಡೆಯೂ ತಣಿದಿರುತ್ತದೆ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಗಾಳಿಯ ಬಿಸಿ ದಿನದ ತುದಿ ಮುಟ್ಟಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಸೂರ್ಯ ಕೆಳಗಿಳಿದು ಗೋಡೆಗೆ ಎದುರಾಗಿ ನಿಲ್ಲುತ್ತಾನೆ. ನೆತ್ತಿಯ ಸೂರ್ಯ ಗೋಡೆಯನ್ನು ಸುಮ್ನೆ ಸವರಿಕೊಂಡು ಹೋಗುತ್ತಾನೆ, ಅವನ ಏಟು ಟೆರೇಸಿಗೆ. ಇಳಿದ ಸೂರ್ಯನ ಏಟು ನೇರವಾಗಿ ಗೋಡೆಗೆ, ಗಾಜಿಗೆ. ನಮ್ಮ ಬಾಲ್ಕನಿಯ ಜಾರುಬಾಗಿಲಿನ ಗಾಜು ಹೆಚ್ಚುಕಡಿಮೆ 5 ಚದರ ಮೀಟರ್. ಒಂದು ಒಳ್ಳೆ ಬಿಸಿಲಿನ ಸಂಜೆ ಅದರ ಮೂಲಕ ಒಳಗೆ ಬರುವ ಶಾಖ ಎರಡು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇಸ್ತ್ರಿಪೆಟ್ಟಿಗೆಯ ಗಾಳಿಯೇ ಮುಖಕ್ಕೆ.

ಗೋಡೆಯದು ಇನ್ನೊಂದು ಕಥೆ. ಈಗಿನ ಎತ್ತರದ ಕಟ್ಟಡಗಳಲ್ಲಿ ಹೊರಗೋಡೆಯೂ ಎಷ್ಟೋ ಕಡೆ ಕಾಂಕ್ರೀಟಿನದು. ಅದು ಇಟ್ಟಿಗೆಗಿಂತ ಬೇಗ ಶಾಖ ದಾಟಿಸುತ್ತದೆ. ದಾಟಿಸಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ ಅಷ್ಟೇ. ಸಂಜೆ ಕುಡಿದ ಬಿಸಿಲನ್ನು ರಾತ್ರಿ ಹತ್ತಕ್ಕೆ, ನೀವು ಮಲಗುವ ಹೊತ್ತಿಗೆ, ಒಳಗೆ ಬಿಡುತ್ತದೆ. ಹೊರಗೆ ತಂಗಾಳಿ, ಒಳಗೆ ಗೋಡೆ ಮುಟ್ಟಿದರೆ ಬೆಚ್ಚಗೆ.

ಸಜ್ಜಾ ಇದ್ದರೆ ಆಗಲ್ವಾ ಎಂದು ನಾನೂ ಕೇಳಿದ್ದೆ. ದಕ್ಷಿಣದ ಕಿಟಕಿಗೆ ಆಗುತ್ತದೆ. 1.2 ಮೀಟರ್ ಎತ್ತರದ ಕಿಟಕಿಗೆ ಡಿಸೆಂಬರಿನ ಮಧ್ಯಾಹ್ನದ ಬಿಸಿಲು ತಡೆಯಲು 90 ಸೆಂಟಿಮೀಟರ್ ಸಜ್ಜಾ ಸಾಕು. ಪಶ್ಚಿಮದಲ್ಲಿ ಸೂರ್ಯ 30 ಡಿಗ್ರಿಗೆ ಇಳಿದಾಗ ಅದೇ ಕಿಟಕಿಗೆ 2 ಮೀಟರ್ ಬೇಕು. 15 ಡಿಗ್ರಿಗೆ ಇಳಿದಾಗ ನಾಲ್ಕೂವರೆ ಮೀಟರ್! ಅದು ಸಜ್ಜಾ ಅಲ್ಲ, ಇನ್ನೊಂದು ಕೋಣೆ. ಪಶ್ಚಿಮಕ್ಕೆ ಬೇಕಾದ್ದು ಅಡ್ಡ ಚಪ್ಪರವಲ್ಲ, ನೇರ ನಿಲ್ಲುವ ಮರೆ. ಬಿದಿರಿನ ಪರದೆ, ಜಾಲಂಧ್ರ, ಬಳ್ಳಿ, ಲಾವಂಚದ ತಟ್ಟಿ. ಮತ್ತೆ ಆ ಮರೆ ಗಾಜಿನ ಹೊರಗಿರಬೇಕು. ಒಳಗಿನ ಕರ್ಟನ್ ಬಿಸಿಲನ್ನು ತಡೆಯುವಾಗ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತದೆ. ಕಾದ ಕರ್ಟನ್ನಿನ ಶಾಖವನ್ನು ಗಾಜು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಸಾವಿರಗಟ್ಟಲೆ ಕೊಟ್ಟು ದಪ್ಪ ಕರ್ಟನ್ ಹಾಕಿಸಿದ ಮೇಲೆ ನನಗೆ ಇದು ಗೊತ್ತಾಯಿತು.

ಎದುರಿಗೆ ಎದ್ದ ಟವರ್

ಮೂರು ವರ್ಷದ ಹಿಂದೆ ನಮ್ಮ ಬಾಲ್ಕನಿಯ ಎದುರು, ಸರಿಯಾಗಿ ಪಶ್ಚಿಮಕ್ಕೆ, ಎರಡನೇ ಹಂತದ ಟವರ್ ಎದ್ದಿತು. 25 ಮಹಡಿ, ಸುಮಾರು 78 ಮೀಟರ್. ನಮಗೂ ಅದಕ್ಕೂ 40 ಮೀಟರ್ ದೂರ. ನಾವಿರುವುದು ಒಂಬತ್ತನೇ ಮಹಡಿ. ಬ್ರೋಷರಿನಲ್ಲಿ ಆ ಜಾಗ ಹಸಿರು ಬಣ್ಣದಲ್ಲಿತ್ತು, "ಮುಂದಿನ ಹಂತ" ಎಂದು ಚಿಕ್ಕ ಅಕ್ಷರದಲ್ಲಿ ಬರೆದಿತ್ತು. ಹಸಿರು ಕಂಡಿತು, ಅಕ್ಷರ ಕಾಣಲಿಲ್ಲ. ತಪ್ಪು ನಮ್ಮದೂ ಇದೆ ಬಿಡಿ.

ಬಾಲ್ಕನಿಯಲ್ಲಿ ನಿಂತು ಕಣ್ಣಿನ ಮಟ್ಟದಿಂದ ಟವರಿನ ತುದಿಯವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದೆ. ಐದು ಮುಷ್ಟಿ. ಅಂದರೆ 50 ಡಿಗ್ರಿ. ಸೂರ್ಯ 50 ಡಿಗ್ರಿಗಿಂತ ಕೆಳಗಿಳಿದರೆ ಮರೆ. ಮಾರ್ಚ್, ಏಪ್ರಿಲಿನಲ್ಲಿ ಅದು ಮಧ್ಯಾಹ್ನ ಮೂರು ಗಂಟೆ. ನಮ್ಮದೇ ಟವರಿನ ಎರಡನೇ ಮಹಡಿಯವರಿಗೆ ಎರಡೂ ಕಾಲಿಗೇ ಬಿಸಿಲು ಹೋಗುತ್ತದೆ. ಹದಿನಾರನೇ ಮಹಡಿಯವರಿಗೆ ನಾಲ್ಕರವರೆಗೆ ಇರುತ್ತದೆ. ಒಂದೇ ನಕ್ಷೆ, ಒಂದೇ ದಿಕ್ಕು, ಒಂದೇ ಬಾಲ್ಕನಿ. ಬಿಸಿಲಿನಲ್ಲಿ ಮಾತ್ರ ಇಷ್ಟು ವ್ಯತ್ಯಾಸ.

ನೇರ ಬಿಸಿಲು ಬೇರೆ, ಬೆಳಕು ಬೇರೆ ಅನ್ನೋದನ್ನೂ ಹೇಳಬೇಕು. ಬಿಸಿಲಿಲ್ಲದ ಕೋಣೆಗೂ ಆಕಾಶದಿಂದ ಬೆಳಕು ಬರುತ್ತದೆ. ಕಿಟಕಿಯಿಂದ ಎಷ್ಟು ಆಕಾಶ ಕಾಣುತ್ತದೋ ಅಷ್ಟು ಬೆಳಕು. ಮೊದಲ ಮಹಡಿಯ ಕಿಟಕಿಯಿಂದ 20 ಮೀಟರ್ ದೂರದಲ್ಲಿ 100 ಮೀಟರ್ ಗೋಡೆ ನಿಂತರೆ, ಆ ಕಡೆ ಉಳಿಯುವ ಆಕಾಶ ಒಂದು ಮುಷ್ಟಿಗಿಂತ ಚೂರು ಜಾಸ್ತಿ, ಅದೂ ನೆತ್ತಿಯ ಹತ್ತಿರ. ಕೆಳ ಮಹಡಿಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಿಕೊಂಡಿರುವುದು ಇದಕ್ಕೆ. ಮಳೆಗಾಲದಲ್ಲಿ ಬೀರುವಿನೊಳಗಿನ ಬೂಷ್ಟು ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಿಟಕಿಯಿಂದ 7.5 ಮೀಟರಿಗಿಂತ ಆಚೆಯ ಜಾಗಕ್ಕೆ ಬೆಳಕಿದೆ ಎಂದು ಲೆಕ್ಕ ಹಿಡಿಯುವಂತಿಲ್ಲ. ಉದ್ದುದ್ದ ಹಾಲ್ ಇರುವ ಫ್ಲಾಟಿನಲ್ಲಿ ಊಟದ ಮೇಜು ಎಷ್ಟು ಒಳಗಿದೆ ಎಂದು ಹೆಜ್ಜೆ ಹಾಕಿ ನೋಡಿ.

ಕಾನೂನು ಏನೂ ಮಾಡಲ್ವಾ? ಸಂಹಿತೆ ಕಟ್ಟಡದ ಎತ್ತರ ಹೆಚ್ಚಿದಂತೆ ಸುತ್ತ ಬಿಡಬೇಕಾದ ಜಾಗವನ್ನು ಹೆಚ್ಚಿಸುತ್ತಾ ಹೋಗುತ್ತದೆ. 30 ಮೀಟರಿಗೆ 10 ಮೀಟರ್ ಜಾಗ, 55 ಮೀಟರಿಗೆ 16. ಅದರಾಚೆ ಎತ್ತರ ಏರಿದಷ್ಟು ಬೇಗ ಜಾಗ ಹೆಚ್ಚುವುದಿಲ್ಲ. ಅಳೆಯುವುದು ದೂರವನ್ನು, ಬಿಸಿಲಿನ ಗಂಟೆಗಳನ್ನಲ್ಲ. ಜಪಾನಿನಲ್ಲಿ 1976ರಿಂದ ಗಂಟೆಯನ್ನೇ ಅಳೆಯುತ್ತಾರೆ. ಜನವಸತಿ ಪ್ರದೇಶಗಳಲ್ಲಿ, ವರ್ಷದ ಅತಿ ಚಿಕ್ಕ ಹಗಲಿನಂದು, ಹೊಸ ಕಟ್ಟಡ ಪಕ್ಕದ ಜಾಗದ ಮೇಲೆ ಎಷ್ಟು ಗಂಟೆ ನೆರಳು ಬೀಳಿಸಬಹುದು ಎಂಬುದಕ್ಕೆ ಮಿತಿಯಿದೆ. ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎದ್ದು ಸುತ್ತಲಿನ ಬೀದಿಗಳನ್ನು ಕತ್ತಲು ಮಾಡಿತು. ಮರುವರ್ಷವೇ, ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು ಎಂಬ ನಿಯಮ ಬಂತು. ಅಲ್ಲಿನ ಹಳೆ ಕಟ್ಟಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಅದರಿಂದಲೇ.

ನಮ್ಮಲ್ಲಿ 1882ರ ಈಸ್‌ಮೆಂಟ್ ಕಾಯ್ದೆ ಇದೆ. ಒಂದು ಕಟ್ಟಡಕ್ಕೆ 20 ವರ್ಷ ಅಡ್ಡಿಯಿಲ್ಲದೆ ಬೆಳಕು, ಗಾಳಿ ಬಂದಿದ್ದರೆ ಅದು ಹಕ್ಕಾಗುತ್ತದೆ. ಹೊಸ ಫ್ಲಾಟಿಗೆ 20 ವರ್ಷ ಎಲ್ಲಿಂದ ತರುವುದು? ಪಕ್ಕದ ಸೈಟು ಖಾಲಿ ಇರುವಾಗ ನಿಮಗೆ ಸಿಗುತ್ತಿರುವ ಬಿಸಿಲು ಸಾಲದ ಬಿಸಿಲು, ಅಷ್ಟೇ.

ತುಳಸಿ, ಸಂಡಿಗೆ, ಒಗೆದ ಬಟ್ಟೆ

ಟವರ್ ಎದ್ದ ವರ್ಷ ಮೊದಲು ಸೊರಗಿದ್ದು ತುಳಸಿ. ನಮ್ಮ ಬಾಲ್ಕನಿಯ ಆಳ ಒಂದೂವರೆ ಮೀಟರ್. ಮೇಲಿನ ಮನೆಯ ಬಾಲ್ಕನಿಯೇ ನಮಗೆ ಸೂರು. ಸೂರ್ಯ ಎತ್ತರದಲ್ಲಿದ್ದಾಗ ಆ ಸೂರು ಅಡ್ಡ. ಕೆಳಗಿಳಿದ ಮೇಲೆ ಟವರ್ ಅಡ್ಡ. ಜಾರುಬಾಗಿಲಿನ ಹೊಸ್ತಿಲ ಬಳಿ ಇಟ್ಟ ಕುಂಡಕ್ಕೆ ಮಾರ್ಚಿನಲ್ಲಿ ಬಿಸಿಲು ಸಿಗುತ್ತಿದ್ದುದು ಎರಡು ಗಂಟೆಯಿಂದ ಮೂರರೊಳಗೆ, ಐವತ್ತು ನಿಮಿಷ. ಅದನ್ನು ಎತ್ತಿ ಕಂಬಿಯ ಪಕ್ಕ ಇಟ್ಟೆವು. ಅಲ್ಲಿ ಹನ್ನೆರಡೂವರೆಯಿಂದಲೇ ಬಿಸಿಲು ಶುರು. ಒಂದೂವರೆ ಮೀಟರ್ ಸರಿಸಿದ್ದಕ್ಕೆ ಬಿಸಿಲು ಮೂರು ಪಟ್ಟಾಯಿತು. ತುಳಸಿ ಚಿಗುರಿತು.

ಬಟ್ಟೆಯ ವಿಷಯದಲ್ಲಿ ಎತ್ತರ ಸಹಾಯ ಮಾಡುತ್ತದೆ. ಬಟ್ಟೆ ಒಣಗಲು ಗಾಳಿಯೂ ಬಿಸಿಲಿನಷ್ಟೇ ಮುಖ್ಯ, ಮೇಲೆ ಹೋದಂತೆ ಗಾಳಿ ಜೋರು. ಇಪ್ಪತ್ತನೇ ಮಹಡಿಯ ನೆರಳಿನ ಬಾಲ್ಕನಿಯಲ್ಲೂ ಸೀರೆ ಒಣಗುತ್ತದೆ. ಮೂರನೇ ಮಹಡಿಯಲ್ಲಿ ಟವೆಲ್ ಎರಡು ದಿನವಾದರೂ ಮುಗ್ಗಲು ವಾಸನೆ. ಅದರ ಮೇಲೆ, ಹೊರಗಿನಿಂದ ಬಟ್ಟೆ ಕಾಣಬಾರದು ಎಂದು ಅಸೋಸಿಯೇಷನ್ನಿನ ನಿಯಮ.

ಸಂಡಿಗೆಗೆ ಗಾಳಿ ಸಾಲದು, ಬಿಸಿಲೇ ಬೇಕು. ಅಮ್ಮ ಟೆರೇಸ್ ಕೀ ಕೇಳಿದರೆ ಫೆಸಿಲಿಟಿ ಆಫೀಸಿನವರು ಅರ್ಜಿ ಬರೆದುಕೊಡಿ ಎಂದರು. ಯಾವ ಕಾರಣಕ್ಕೆ ಎಂಬ ಕಾಲಮ್ಮಿನಲ್ಲಿ ಅಮ್ಮ "ಅರಳು ಸಂಡಿಗೆ" ಎಂದೇ ಬರೆದರು. ಕೀ ಸಿಗಲಿಲ್ಲ. ಟೆರೇಸಿನ ಬಿಸಿಲೂ ಅಷ್ಟೇನೂ ಪುಕ್ಕಟೆಯಲ್ಲ ಅನ್ನಿ. ನೂರಕ್ಕೂ ಹೆಚ್ಚು ಮನೆಗೆ ಇರುವುದು ಒಂದೇ ಟೆರೇಸ್. ನೀರಿನ ಟ್ಯಾಂಕು, ಲಿಫ್ಟಿನ ಕೋಣೆ ಕಳೆದು ಉಳಿದ ಜಾಗದಲ್ಲಿ ಸೋಲಾರ್ ಹಾಕಿದರೆ ಬಿಸಿನೀರು ಸಿಗುವುದು ಮೇಲಿನ ಕೆಲವು ಮಹಡಿಗಳಿಗೆ ಮಾತ್ರ.

ಮೈಗೆ ಬೇಕಾದ ಬಿಸಿಲಿಗೂ ಒಂದು ಸುಲಭ ಅಳತೆ ಇದೆ. ವಿಟಮಿನ್ ಡಿ ಕೊಡುವ ಕಿರಣ ಕಿಟಕಿಯ ಗಾಜನ್ನು ದಾಟುವುದೇ ಇಲ್ಲವೆನ್ನಬಹುದು. ಗಾಜಿನ ಹಿಂದೆ ಕುಳಿತು ಬಿಸಿಲು ಕಾಯಿಸಿದರೆ ಬೆಚ್ಚಗಾಗುತ್ತದೆ, ಅಷ್ಟೇ. ಹೊರಗೆ ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದರೆ ಆ ಕಿರಣ ಚೆನ್ನಾಗಿ ಸಿಗುತ್ತಿದೆ ಎಂದು ತಿಳಿಯಬಹುದು. ಬೆಂಗಳೂರಿನಲ್ಲಿ ಮಾರ್ಚಿನಲ್ಲಿ ಆ ಹೊತ್ತು ಬೆಳಗ್ಗೆ ಒಂಬತ್ತೂವರೆಯಿಂದ ಮೂರೂ ಕಾಲರವರೆಗೆ, ಡಿಸೆಂಬರಿನಲ್ಲಿ ಹತ್ತೂವರೆಯಿಂದ ಎರಡರವರೆಗೆ. ಬೆಳಗಿನ ಆರೂವರೆಯ ವಾಕಿಂಗ್ ಮನಸ್ಸಿಗೆ ಒಳ್ಳೆಯದು, ಮೂಳೆಗೆ ಅದರಿಂದ ಅಂಥ ಲಾಭವಿಲ್ಲ.

ಫ್ಲಾಟ್ ನೋಡಲು ಹೋಗುವ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಫೋನಿನ ದಿಕ್ಸೂಚಿಯನ್ನು ಬಾಗಿಲಲ್ಲಿ ಅಲ್ಲ, ಬಾಲ್ಕನಿಯಲ್ಲಿ ಹಿಡಿಯಿರಿ. ಸೂರ್ಯನ ದಾರಿ ತೋರಿಸುವ ಆ್ಯಪ್‌ಗಳಲ್ಲಿ ಡಿಸೆಂಬರ್, ಏಪ್ರಿಲ್, ಜೂನ್ ಮೂರನ್ನೂ ನೋಡಿ. ಎದುರು ಖಾಲಿ ಜಾಗವಿದ್ದರೆ ಅಲ್ಲಿ ಎಷ್ಟು ಮಹಡಿಗೆ ಅನುಮತಿ ಇದೆ ಎಂದು ಕೇಳಿ. ಇಲ್ಲದಿದ್ದರೆ ನೀವೇ ಒಂದು ಟವರ್ ನಿಲ್ಲಿಸಿಕೊಂಡು ಮುಷ್ಟಿ ಎಣಿಸಿ. ಮನೆ ತೋರಿಸುವವರು ಬೆಳಗ್ಗೆ ಹನ್ನೊಂದಕ್ಕೆ ಬನ್ನಿ ಅನ್ನುತ್ತಾರೆ. ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಹೋಗಿ.

ನಮ್ಮ ಟವರಿನ ಕಥೆ ಮಾತ್ರ ನಾನು ಅಂದುಕೊಂಡ ಹಾಗೆ ಮುಗಿಯಲಿಲ್ಲ. ಮೊದಲ ವರ್ಷ ಅದಕ್ಕೆ ಶಾಪ ಹಾಕಿದ್ದೇ ಹಾಕಿದ್ದು. ಆಮೇಲೆ ಗಮನಿಸಿದೆ. ಮಾರ್ಚ್, ಏಪ್ರಿಲಿನ ಸೂರ್ಯ ಸಂಜೆ ಇಳಿಯುವುದು ಸರಿಯಾಗಿ ಪಶ್ಚಿಮದಲ್ಲಿ, ಅಂದರೆ ಟವರಿನ ಹಿಂದೆ. ನಮ್ಮನ್ನು ಬೇಯಿಸುತ್ತಿದ್ದುದು ಅದೇ ಎರಡು ತಿಂಗಳು. ಈಗ ಮೂರು ಗಂಟೆಗೇ ನೆರಳು, ರಾತ್ರಿ ಗೋಡೆ ತಣ್ಣಗೆ. ನಮ್ಮ ಸಂಜೆಯನ್ನು ಆ ಟವರ್ ತಂಪು ಮಾಡಿದೆ, ಅದರ ಕೆಳಗಿನ ಮಹಡಿಗಳ ಬೆಳಗನ್ನು ನಮ್ಮ ಟವರ್ ತಿಂದಿದೆ. ಅಲ್ಲಿಯವರು ನಮಗೆ ಶಾಪ ಹಾಕುತ್ತಿರಬಹುದು.

ಚಳಿಗಾಲಕ್ಕೆ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನಲ್ಲ, ಆಗ ಟವರಿನ ಅಗಲ ಅವನನ್ನು ಮುಚ್ಚಲು ಸಾಲದು. ನವೆಂಬರಿನಿಂದ ಜನವರಿವರೆಗೆ ಸಂಜೆ ನಾಲ್ಕು ದಾಟಿದ ಮೇಲೆ ಅವನು ಟವರಿನ ಎಡಗಡೆಯಿಂದ ಓರೆಯಾಗಿ ಒಳಗೆ ಬರುತ್ತಾನೆ. ಸಂಕ್ರಾಂತಿಯ ದಿನ ಐದು ಗಂಟೆಗೆ ಆ ಬಿಸಿಲು ಇಡೀ ಹಾಲನ್ನು ದಾಟಿ ಉತ್ತರದ ಗೋಡೆಯ ದೇವರ ಗೂಡನ್ನು ಮುಟ್ಟುತ್ತದೆ. ಅಮ್ಮ ಹತ್ತಿಯ ಬುಟ್ಟಿ ಹಿಡಿದು ಆ ಪಟ್ಟಿಯೊಳಗೆ ಕುಳಿತು ಬತ್ತಿ ಹೊಸೆಯುತ್ತಾರೆ. ಬಿಸಿಲು ಸರಿದ ಹಾಗೆ ಮಣೆಯನ್ನೂ ಒಂದೊಂದು ಗೇಣು ಸರಿಸಿಕೊಳ್ಳುತ್ತಾರೆ.